ಮೆಕಾಯ್ ಸ್ಟೇಡಿಯಂ: ಕೆರೆ ಮುಚ್ಚಿ ಕಟ್ಟಿದ ಬೇಸ್‌ಬಾಲ್ ಮೈದಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸ್‌ಬಾಲ್ ಗೊತ್ತಿಲ್ಲದವರೂ ಓದಬಹುದು. ಆಟದ ನಿಯಮ ಬೇಕಾದ ಕಡೆ ಅಲ್ಲಲ್ಲೇ ಹೇಳಿದ್ದೇನೆ. ಇದು ಆಟದ ಕಥೆ ಎಷ್ಟೋ, ದುಡ್ಡಿನ ಕಥೆಯೂ ಅಷ್ಟೇ.

ಈ ಸ್ಟೇಡಿಯಂ ಎಲ್ಲಿತ್ತು?

ಅಮೆರಿಕದ ಈಶಾನ್ಯ ಭಾಗದಲ್ಲಿ ರೋಡ್ ಐಲ್ಯಾಂಡ್ ಅಂತ ಒಂದು ರಾಜ್ಯ ಇದೆ. ಇಡೀ ದೇಶದಲ್ಲೇ ಅತಿ ಚಿಕ್ಕದು. ವಿಸ್ತೀರ್ಣ ನೋಡಿದರೆ ನಮ್ಮ ಕೊಡಗು ಜಿಲ್ಲೆಗಿಂತಲೂ ಕಡಿಮೆ. ಅದರೊಳಗೆ ಪಟಕೆಟ್ ಎಂಬ ಊರು. ಜನಸಂಖ್ಯೆ ಸುಮಾರು 75 ಸಾವಿರ. ಮೆಕಾಯ್ ಸ್ಟೇಡಿಯಂ ಇದ್ದದ್ದು ಅಲ್ಲಿ, ಸಾಲು ಮನೆಗಳ ನಡುವೆ.

ಪಟಕೆಟ್ ಮೊದಲಿನಿಂದಲೂ ಗಿರಣಿ ಊರು. ನೀರಿನ ಬಲದಿಂದ ಹತ್ತಿ ನೂಲುವ ಕೆಲಸ ಅಮೆರಿಕದಲ್ಲಿ ಮೊದಲು ಕೈಗೂಡಿದ್ದೇ ಇಲ್ಲಿನ ಬ್ಲ್ಯಾಕ್‌ಸ್ಟೋನ್ ನದಿಯ ದಡದಲ್ಲಿ. ಸ್ಯಾಮ್ಯುಯೆಲ್ ಸ್ಲೇಟರ್ ಎಂಬಾತ ಇಂಗ್ಲೆಂಡಿನ ಯಂತ್ರಗಳ ವಿವರವನ್ನು ತಲೆಯಲ್ಲೇ ತುಂಬಿಕೊಂಡು ಹಡಗು ಹತ್ತಿ ಬಂದಿದ್ದ. ಅವನ ಗಿರಣಿ 1793ರದ್ದು. ಇಪ್ಪತ್ತನೇ ಶತಮಾನದಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆಮೇಲೆ ಈ ಊರಿನ ಹೆಸರು ಹೊರಗೆ ಕೇಳುತ್ತಿದ್ದದ್ದು ಎರಡೇ ಕಾರಣಕ್ಕೆ ಅನ್ನಬಹುದು: ಆಟಿಕೆ ಮಾಡುವ ಹ್ಯಾಸ್ಬ್ರೊ ಕಂಪನಿ ಮತ್ತು ಈ ಬೇಸ್‌ಬಾಲ್ ಮೈದಾನ.

ಮೈನರ್ ಲೀಗ್ ಅಂದರೆ ನಮ್ಮ ರಣಜಿ ಥರಾನಾ?

ಸ್ವಲ್ಪ ಮಟ್ಟಿಗೆ ಹೌದು. ಅಲ್ಲಿ ಚೆನ್ನಾಗಿ ಆಡಿದವನಿಗೆ ಮೇಲಿಂದ ಕರೆ ಬರುತ್ತದೆ. ಆದರೆ ರಣಜಿ ತಂಡಕ್ಕೆ ತನ್ನದೇ ರಾಜ್ಯ, ತನ್ನದೇ ಹೆಮ್ಮೆ ಇರುತ್ತದೆ. ಮೈನರ್ ಲೀಗ್ ತಂಡ ಹಾಗಲ್ಲ. ಅದು ಒಂದು ದೊಡ್ಡ ತಂಡದ ಕೈಕೆಳಗೆ ಇರುತ್ತದೆ. ಆಟಗಾರರಿಗೆ ಸಂಬಳ ಕೊಡುವುದು ದೊಡ್ಡ ತಂಡ. ಯಾರು ಆಡಬೇಕು, ಯಾರು ಮೇಲೆ ಹೋಗಬೇಕು ಅಂತ ತೀರ್ಮಾನ ಮಾಡುವುದೂ ಅದೇ. ಊರಿನ ಮಾಲೀಕರ ಪಾಲಿಗೆ ಉಳಿಯುವುದು ಟಿಕೆಟ್, ತಿಂಡಿ ವ್ಯಾಪಾರ, ಮೈದಾನ ನೋಡಿಕೊಳ್ಳುವುದು.

ಇದರಲ್ಲಿ ಮೆಟ್ಟಿಲುಗಳಿವೆ. ಸಿಂಗಲ್ ಎ, ಹೈ ಎ, ಡಬಲ್ ಎ, ಕೊನೆಗೆ ಟ್ರಿಪಲ್ ಎ. ಅಲ್ಲಿಂದ ಮೇಲೆ ಮೇಜರ್ ಲೀಗ್. ಪಟಕೆಟ್ ತಂಡ ಬಾಸ್ಟನ್ ರೆಡ್ ಸಾಕ್ಸ್‌ನ ಟ್ರಿಪಲ್ ಎ ತಂಡವಾಗಿತ್ತು. ಜನ ಪ್ರೀತಿಯಿಂದ ಪಾ ಸಾಕ್ಸ್ ಅನ್ನುತ್ತಿದ್ದರು. ರೆಡ್ ಸಾಕ್ಸ್ ಆಡುವ ಬಾಸ್ಟನ್‌ನ ಫೆನ್‌ವೇ ಪಾರ್ಕ್ ಮೈದಾನ ಅಲ್ಲಿಂದ ಕಾರಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಮಧ್ಯಾಹ್ನ ಫೋನ್ ಬಂದರೆ ಸಂಜೆ ಮೇಜರ್ ಲೀಗ್‌ನಲ್ಲಿ ಆಡಬಹುದು. ಈ ಹತ್ತಿರವೇ ಪಟಕೆಟ್‌ನ ದೊಡ್ಡ ಬಂಡವಾಳ.

ಕೆರೆ ಮುಚ್ಚಿ ಕಟ್ಟಿದ್ದು ನಿಜವಾ?

ನಿಜ. ಅಲ್ಲಿ ಹ್ಯಾಮಂಡ್ ಪಾಂಡ್ ಅಂತ ಒಂದು ಕೆರೆ ಇತ್ತು, ಸುತ್ತ ಜವುಗು ನೆಲ. 1938ರಲ್ಲಿ ಕೆಲಸ ಶುರುವಾಯಿತು. ಅಡಿಪಾಯ ಹಾಕಲು ಗಟ್ಟಿ ನೆಲವೇ ಸಿಗುತ್ತಿರಲಿಲ್ಲ. ಸುರಿದದ್ದೆಲ್ಲ ಕೆಸರಿನೊಳಗೆ ಇಳಿದು ಹೋಗುತ್ತಿತ್ತು. ಲಾರಿಗಳೇ ಮುಳುಗಿ ಹೋದವು, ಇವತ್ತಿಗೂ ಕೆಳಗೆ ಹೂತುಕೊಂಡಿವೆ ಅಂತ ಊರಲ್ಲಿ ಒಂದು ಕಥೆ ಇದೆ. ಕಥೆ ಕಥೆಯಾಗೇ ಇರಲಿ. ನಾಲ್ಕು ವರ್ಷ ಹಿಡಿದದ್ದಂತೂ ಹೌದು, ಖರ್ಚು ಸುಮಾರು 12 ಲಕ್ಷ ಡಾಲರ್ ಆದದ್ದೂ ಹೌದು. ಆ ಕಾಲಕ್ಕೆ, ಅಷ್ಟು ಚಿಕ್ಕ ಊರಿಗೆ, ಅದು ಕಣ್ಣು ಕುಕ್ಕುವ ಮೊತ್ತ. ಬಳಕೆಗೆ ಬಂದದ್ದು 1942ರಲ್ಲಿ. ಆಗ ಅಮೆರಿಕ ಯುದ್ಧದಲ್ಲಿ ಮುಳುಗಿತ್ತು, ಆಡುವ ವಯಸ್ಸಿನ ಹುಡುಗರೆಲ್ಲ ಸೈನ್ಯಕ್ಕೆ ಹೋಗುತ್ತಿದ್ದರು.

ಅಷ್ಟು ದುಡ್ಡು ಕೊಟ್ಟವರು ಯಾರು? ಈ ಮೆಕಾಯ್ ಯಾರು?

ಥಾಮಸ್ ಪಿ. ಮೆಕಾಯ್ ಪಟಕೆಟ್‌ನ ಮೇಯರ್. ಡೆಮಾಕ್ರಟಿಕ್ ಪಕ್ಷದವರು. ಊರಿನ ರಾಜಕೀಯವನ್ನು ಮುಷ್ಟಿಯಲ್ಲಿ ಇಟ್ಟುಕೊಂಡಿದ್ದ ಆಸಾಮಿ. ಅವರನ್ನು ಕೇಳದೆ ಊರಲ್ಲಿ ಒಂದು ಕೆಲಸ ಸಿಗುತ್ತಿರಲಿಲ್ಲ, ಒಂದು ಗುತ್ತಿಗೆ ಹೋಗುತ್ತಿರಲಿಲ್ಲ ಅನ್ನುವ ಥರದ ರಾಜಕಾರಣ. ಇಂಥವರನ್ನು ನಮಗೆ ಪರಿಚಯ ಮಾಡಿಕೊಡಬೇಕಾಗಿಲ್ಲ, ಅಲ್ವಾ?

ಅದು ಮಹಾ ಆರ್ಥಿಕ ಕುಸಿತದ ಕಾಲ. ಅಧ್ಯಕ್ಷ ರೂಸ್‌ವೆಲ್ಟ್ 1935ರಲ್ಲಿ ಡಬ್ಲ್ಯುಪಿಎ ಎಂಬ ಯೋಜನೆ ತಂದಿದ್ದರು. ಕೆಲಸ ಇಲ್ಲದವರಿಗೆ ಸರಕಾರವೇ ಕೆಲಸ ಕೊಡುವುದು. ರಸ್ತೆ, ಸೇತುವೆ, ಶಾಲೆ, ಪಾರ್ಕು ಹೀಗೆ ಊರಿಗೆ ಬೇಕಾದ್ದನ್ನು ಅವರ ಕೈಲಿ ಕಟ್ಟಿಸುವುದು. ಎಂಟು ವರ್ಷದಲ್ಲಿ ಸುಮಾರು 85 ಲಕ್ಷ ಜನ ಇದರಲ್ಲಿ ದುಡಿದರು. ಮೆಕಾಯ್ ಆ ಹಣವನ್ನು ತಮ್ಮ ಊರಿನ ಕೆರೆಗೆ ತಿರುಗಿಸಿದರು. ವಿರೋಧಿಗಳು ಇದನ್ನು ‘ಮೆಕಾಯ್‌ನ ಹುಚ್ಚಾಟ’ ಅಂತ ಆಡಿಕೊಂಡರು. ಮೆಕಾಯ್ ತಲೆ ಕೆಡಿಸಿಕೊಳ್ಳಲಿಲ್ಲ.

1945ರಲ್ಲಿ ಅವರು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಮರುವರ್ಷ ಸ್ಟೇಡಿಯಂಗೆ ಅವರ ಹೆಸರಿಟ್ಟರು. ಕೆಲಸ ಇಲ್ಲದ ಜನಕ್ಕೆ ನಾಲ್ಕು ವರ್ಷ ಕೂಲಿ, ಊರಿಗೆ ಎಂಟು ದಶಕ ಉಳಿದ ಮೈದಾನ. ಇದನ್ನು ಹುಚ್ಚಾಟ ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಮೊದಲಿನಿಂದಲೂ ರೆಡ್ ಸಾಕ್ಸ್ ತಂಡವೇ ಆಡುತ್ತಿತ್ತಾ?

ಇಲ್ಲ. 1946ರಿಂದ 1949ರವರೆಗೆ ಪಟಕೆಟ್ ಸ್ಲೇಟರ್ಸ್ ಅಂತ ಒಂದು ತಂಡ ಇತ್ತು. ಗಿರಣಿಯ ಸ್ಲೇಟರ್ ಹೆಸರೇ. ಅದು ಬಾಸ್ಟನ್ ಬ್ರೇವ್ಸ್‌ಗೆ ಸೇರಿದ್ದು. ಆ ಲೀಗ್ ಮುಚ್ಚಿತು, ತಂಡವೂ ಹೋಯಿತು. ಆಮೇಲೆ ಹದಿನೈದು ವರ್ಷಕ್ಕೂ ಮೇಲೆ ವೃತ್ತಿಪರ ತಂಡವೇ ಇರಲಿಲ್ಲ. 1966 ಮತ್ತು 67ರಲ್ಲಿ ಕ್ಲೀವ್‌ಲ್ಯಾಂಡ್‌ನ ಕೈಕೆಳಗಿನ ಒಂದು ತಂಡ ಬಂದು ಎರಡು ಸೀಸನ್ ಆಡಿ ಹೊರಟಿತು.

ರೆಡ್ ಸಾಕ್ಸ್ ಬಂದದ್ದು 1970ರಲ್ಲಿ, ಮೊದಲು ಡಬಲ್ ಎ ತಂಡವಾಗಿ. 1973ರಲ್ಲಿ ಟ್ರಿಪಲ್ ಎ ತಂಡವನ್ನೇ ಕೆಂಟಕಿಯ ಲೂಯಿವಿಲ್‌ನಿಂದ ಇಲ್ಲಿಗೆ ತಂದರು. ಬಂದ ವರ್ಷವೇ ತಾವು ಆಡುತ್ತಿದ್ದ ಇಂಟರ್‌ನ್ಯಾಷನಲ್ ಲೀಗ್‌ನ ಗವರ್ನರ್ಸ್ ಕಪ್ ಗೆದ್ದರು. ಆದರೂ ಜನ ಬರಲಿಲ್ಲ.

1976ರಲ್ಲಿ ತಂಡ ಮುಳುಗಿಹೋಗಿತ್ತಂತೆ, ಹೇಗೆ ಉಳಿಯಿತು?

ಮಾಲೀಕರು ಬದಲಾಗುತ್ತಾ ಹೋದರು. ಸಾಲ ಏರಿತು. 1976ರಲ್ಲಿ ತಂಡದ ಹೆಸರನ್ನು ರೋಡ್ ಐಲ್ಯಾಂಡ್ ರೆಡ್ ಸಾಕ್ಸ್ ಅಂತ ಬದಲಾಯಿಸಿ ನೋಡಿದರು. ಹೆಸರು ಬದಲಾಯಿಸಿದರೆ ಸಾಲ ತೀರುತ್ತದೆಯೇ? ಸೀಸನ್ ಮುಗಿಯುವ ಹೊತ್ತಿಗೆ ದಿವಾಳಿ.

1977ರ ಜನವರಿಯಲ್ಲಿ ಬೆನ್ ಮಾಂಡರ್ ಎಂಬುವರು ತಂಡ ಕೊಂಡರು. ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿ, ರೋಡ್ ಐಲ್ಯಾಂಡಿನ ವೂನ್‌ಸಾಕೆಟ್ ಎಂಬ ಇನ್ನೊಂದು ಗಿರಣಿ ಊರಿನಲ್ಲಿ ಬೆಳೆದವರು. ಬಟ್ಟೆ ಗಿರಣಿ ವ್ಯವಹಾರದಲ್ಲಿ ದುಡ್ಡು ಮಾಡಿ ನಿವೃತ್ತರಾಗಿದ್ದರು. ಮುಳುಗುವ ಗಿರಣಿಯನ್ನು ಕೊಂಡು ಎತ್ತಿ ನಿಲ್ಲಿಸುವುದು ಅವರಿಗೆ ಗೊತ್ತಿದ್ದ ವಿದ್ಯೆ. ಮೈಕ್ ಟ್ಯಾಂಬರೊ ಎಂಬ ಹುಡುಗನನ್ನು ಜನರಲ್ ಮ್ಯಾನೇಜರ್ ಮಾಡಿದರು. ಎರಡು ವರ್ಷದ ನಂತರ ಲೂ ಶ್ವೆಕ್‌ಹೈಮರ್ ಸೇರಿಕೊಂಡರು. ಈ ಮೂವರು ಮುಂದೆ ಮೂವತ್ತು ವರ್ಷ ಜೊತೆಗಿದ್ದರು.

ಮಾಂಡರ್ ಮಾಡಿದ್ದರಲ್ಲಿ ಮಾಯಮಂತ್ರ ಏನಿಲ್ಲ. ಮೈದಾನ ಶುಚಿ ಇಟ್ಟರು. ಟಿಕೆಟ್ ಬೆಲೆ ಏರಿಸಲಿಲ್ಲ. ಕಾರು ನಿಲ್ಲಿಸಲು ದುಡ್ಡು ಕೇಳಲಿಲ್ಲ. ಕಾರ್ಖಾನೆಯಲ್ಲಿ ದುಡಿಯುವವನು ಹೆಂಡತಿ ಮಕ್ಕಳ ಜೊತೆ ಬಂದು, ಹಾಟ್ ಡಾಗ್ ತಿಂದು, ಜೇಬು ಖಾಲಿಯಾಗದೆ ಮನೆಗೆ ಹೋಗಬೇಕು ಅನ್ನುವುದು ಅವರ ಲೆಕ್ಕ. ಅವರ ಮೊದಲ ಸೀಸನ್‌ನಲ್ಲಿ ಎಲ್ಲ ಪಂದ್ಯ ಸೇರಿ ಬಂದ ಜನ ಸುಮಾರು 70 ಸಾವಿರ. 2005ರಲ್ಲಿ 6 ಲಕ್ಷ 88 ಸಾವಿರ ದಾಟಿತು.

ಹಾಲಿನ ಡಬ್ಬ ಹಗ್ಗಕ್ಕೆ ಕಟ್ಟಿ ಇಳಿಬಿಡುವುದು ಏನದು?

ಇದು ಮೆಕಾಯ್‌ಗೇ ವಿಶೇಷ. ಬೇರೆ ಮೈದಾನಗಳಲ್ಲಿ ಆಟಗಾರರು ಕೂರುವ ಡಗೌಟಿನ ಪಕ್ಕಕ್ಕೆ ಹೋಗಿ ಆಟೋಗ್ರಾಫ್ ಕೇಳಬಹುದು. ಇಲ್ಲಿ ಪ್ರೇಕ್ಷಕರ ಮೊದಲ ಸಾಲೇ ಮೈದಾನದಿಂದ ಸಾಕಷ್ಟು ಎತ್ತರದಲ್ಲಿತ್ತು. ಡಗೌಟ್ ಇದ್ದದ್ದು ನೇರ ಅದರ ಕೆಳಗೆ. ಕೈ ಚಾಚಿದರೆ ಆಟಗಾರ ಸಿಗುವುದಿಲ್ಲ, ಬಗ್ಗಿ ನೋಡಿದರೆ ಕಾಣುವುದೂ ಇಲ್ಲ.

ಮಕ್ಕಳು ದಾರಿ ಹುಡುಕಿದರು. ಪ್ಲಾಸ್ಟಿಕ್ ಹಾಲಿನ ಡಬ್ಬ ಅಥವಾ ಸೋಡಾ ಬಾಟಲಿಯ ಪಕ್ಕಕ್ಕೆ ಒಂದು ಕಿಂಡಿ ಕೊರೆಯುವುದು. ಒಳಗೆ ಚೆಂಡು, ಪೆನ್ನು ಇಡುವುದು. ಹಗ್ಗ ಕಟ್ಟಿ ಡಗೌಟಿನ ಮುಂದೆ ಇಳಿಬಿಟ್ಟು ಕಾಯುವುದು. ಒಳಗಿಂದ ಒಂದು ಕೈ ಬಂದು ಚೆಂಡು ತೆಗೆದುಕೊಳ್ಳುತ್ತದೆ. ಸಹಿಯಾಗಿ ವಾಪಸ್ ಬರುತ್ತದೆ. ಯಾರ ಸಹಿ ಅಂತ ಎಳೆದುಕೊಂಡ ಮೇಲೇ ಗೊತ್ತಾಗುವುದು! ಇದಕ್ಕೆ ಅಲ್ಲಿನವರು ‘ಫಿಶಿಂಗ್’ ಅನ್ನುತ್ತಿದ್ದರು.

ಮೈದಾನ ಕಟ್ಟಿದವರಿಗೆ ಇದು ಕನಸಲ್ಲೂ ಹೊಳೆದಿರಲಿಕ್ಕಿಲ್ಲ. ವಿನ್ಯಾಸದ ಕೊರತೆಯೇ ಅಲ್ಲಿನ ಮಕ್ಕಳಿಗೆ ದೊಡ್ಡ ಆಕರ್ಷಣೆಯಾಯಿತು.

ಜಗತ್ತಿನ ಅತಿ ಉದ್ದದ ಪಂದ್ಯ ಇಲ್ಲೇ ನಡೆದದ್ದಾ?

ಹೌದು. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಅದಕ್ಕಿಂತ ಉದ್ದದ ಪಂದ್ಯ ಇಲ್ಲ. 33 ಇನಿಂಗ್ಸ್. ಆಡಿದ ಸಮಯ 8 ಗಂಟೆ 25 ನಿಮಿಷ. ಪಾ ಸಾಕ್ಸ್ ವಿರುದ್ಧ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ರೆಡ್ ವಿಂಗ್ಸ್.

ಎರಡೂ ತಂಡ ಒಂದೊಂದು ಸರದಿ ಬ್ಯಾಟ್ ಮಾಡಿದರೆ ಒಂದು ಇನಿಂಗ್ಸ್. ಬೇಸ್ ಎಂಬ ನಾಲ್ಕು ಗುರುತುಗಳನ್ನು ಸುತ್ತಿ ಬಂದರೆ ಒಂದು ರನ್. ಸಾಮಾನ್ಯವಾಗಿ ಬೇಸ್‌ಬಾಲ್ ಪಂದ್ಯ 9 ಇನಿಂಗ್ಸ್. ಸಮ ಆದರೆ ಒಂದೊಂದೇ ಇನಿಂಗ್ಸ್ ಹೆಚ್ಚಿಗೆ ಆಡುತ್ತಾ ಹೋಗಬೇಕು, ಯಾರಾದರೂ ಗೆಲ್ಲುವವರೆಗೆ. ಅದಕ್ಕೆ ಮೊದಲಿನ ದಾಖಲೆ 29 ಇನಿಂಗ್ಸ್, 1966ರಲ್ಲಿ ಫ್ಲಾರಿಡಾದಲ್ಲಿ. ಮೇಜರ್ ಲೀಗ್‌ನಲ್ಲಿ ಅತಿ ಹೆಚ್ಚು 26, ಅದು 1920ರಲ್ಲಿ.

ಆ ರಾತ್ರಿ ಏನಾಯಿತು?

1981ರ ಏಪ್ರಿಲ್ 18, ಶನಿವಾರ. ಮರುದಿನ ಈಸ್ಟರ್ ಹಬ್ಬ. ಲೈಟ್ ಕೆಟ್ಟು ಅರ್ಧ ಗಂಟೆ ತಡವಾಗಿ, ರಾತ್ರಿ 8:25ಕ್ಕೆ ಪಂದ್ಯ ಶುರುವಾಯಿತು. ಬಂದಿದ್ದ ಜನ 1,740.

ರಾಚೆಸ್ಟರ್ 7ನೇ ಇನಿಂಗ್ಸ್‌ನಲ್ಲಿ ಒಂದು ರನ್ ಹೊಡೆಯಿತು. ಪಟಕೆಟ್ 9ನೇ ಇನಿಂಗ್ಸ್‌ನಲ್ಲಿ ಸಮ ಮಾಡಿತು. ಅಲ್ಲಿಂದ ಸುಮ್ನೆ ಸೊನ್ನೆಗಳ ಸಾಲು. 21ನೇ ಇನಿಂಗ್ಸ್‌ನಲ್ಲಿ ರಾಚೆಸ್ಟರ್ ಮತ್ತೆ ಮುಂದೆ ಹೋಯಿತು. ಅಂತೂ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಾಗ ಪಟಕೆಟ್‌ನ ವೇಡ್ ಬಾಗ್ಸ್ ಹೊಡೆದ ಹೊಡೆತಕ್ಕೆ ಮತ್ತೆ 2-2. ತನ್ನ ತಂಡದವರು ತನ್ನನ್ನು ತಬ್ಬಿಕೊಳ್ಳುತ್ತಾರೋ ಹೊಡೆಯುತ್ತಾರೋ ಗೊತ್ತಾಗಲಿಲ್ಲ ಅಂತ ಬಾಗ್ಸ್ ಮುಂದೆ ತಮಾಷೆ ಮಾಡಿದರು.

ಏಪ್ರಿಲ್ ಅಂದರೆ ಅಲ್ಲಿ ಇನ್ನೂ ಚಳಿ. ಗಾಳಿ ಹೊರಗಿಂದ ಮೈದಾನದ ಒಳಕ್ಕೆ ಬೀಸುತ್ತಿತ್ತು. ಆಚೆ ಬಿದ್ದೇ ಬಿಟ್ಟಿತು ಅಂದುಕೊಂಡ ಚೆಂಡು ಗಾಳಿಗೆ ಹಿಂದಕ್ಕೆ ಬರುತ್ತಿತ್ತು. ಸ್ಯಾಮ್ ಬೋವೆನ್ ಹೊಡೆದ ಒಂದು ಹೊಡೆತ ಹಾಗೇ ವ್ಯರ್ಥವಾಯಿತು. ಆಟಗಾರರು ಮುರಿದ ಬ್ಯಾಟು, ಬೆಂಚಿನ ಹಲಗೆಗಳನ್ನು ಡ್ರಮ್ಮಿಗೆ ಹಾಕಿ ಬೆಂಕಿ ಕಾಯಿಸಿಕೊಂಡರು. ಪಟಕೆಟ್ ಮ್ಯಾನೇಜರ್ ಜೋ ಮಾರ್ಗನ್ ಅಂಪೈರ್ ಜೊತೆ ಜಗಳ ಆಡಿ 22ನೇ ಇನಿಂಗ್ಸ್‌ನಲ್ಲಿ ಮೈದಾನದಿಂದ ಹೊರಗೆ ಹಾಕಿಸಿಕೊಂಡರು. ಮನೆಗೆ ಹೋಗಲಿಲ್ಲ. ಬ್ಯಾಟರ್ ಹಿಂದಿನ ತಡೆಗೋಡೆಯ ಒಂದು ತೂತಿನಲ್ಲಿ ಇಣುಕಿ ನೋಡುತ್ತಾ ನಿಂತರು.

ಪಿಚರ್, ಅಂದರೆ ಚೆಂಡು ಎಸೆಯುವವ, ಲೂಯಿಸ್ ಅಪಾಂಟೆಯ ಕಥೆ ಇನ್ನೂ ಮಜ. ತನ್ನ ಕೆಲಸ ಮುಗಿಸಿ, ನಸುಕಿನಲ್ಲಿ ಮನೆಗೆ ಹೋದರೆ ಹೆಂಡತಿ ಬಾಗಿಲು ತೆಗೆಯಲಿಲ್ಲ. ಇಷ್ಟು ಹೊತ್ತಿನವರೆಗೆ ಬೇಸ್‌ಬಾಲ್ ಆಡುತ್ತಿದ್ದೆ ಅಂದರೆ ಯಾರು ನಂಬುತ್ತಾರೆ? ವಾಪಸ್ ಸ್ಟೇಡಿಯಂಗೆ ಬಂದು ಮಲಗಬೇಕಾಯಿತು.

ಮಧ್ಯರಾತ್ರಿ ಆದ ಮೇಲೂ ಯಾಕೆ ನಿಲ್ಲಿಸಲಿಲ್ಲ?

ರಾತ್ರಿ 12:50ರ ನಂತರ ಹೊಸ ಇನಿಂಗ್ಸ್ ಶುರು ಮಾಡಬಾರದು ಅಂತ ಲೀಗ್‌ನಲ್ಲಿ ನಿಯಮ ಇತ್ತು. ಆದರೆ ಆ ವರ್ಷ ಅಂಪೈರ್‌ಗಳ ಕೈಗೆ ಕೊಟ್ಟ ನಿಯಮ ಪುಸ್ತಕದಲ್ಲಿ ಆ ಸಾಲು ಬಿಟ್ಟುಹೋಗಿತ್ತು. ಪುಸ್ತಕದಲ್ಲಿ ಇಲ್ಲದ್ದನ್ನು ನಾವು ಮಾಡುವುದಿಲ್ಲ ಅಂತ ಅಂಪೈರ್‌ಗಳು ಕೂತರು. ಇದು ನಮ್ಮ ಕಚೇರಿಗಳಲ್ಲೂ ಆಗುವಂಥದ್ದೇ.

ಲೀಗ್ ಅಧ್ಯಕ್ಷ ಹೆರಾಲ್ಡ್ ಕೂಪರ್ ಅವರಿಗೆ ಫೋನ್ ಮೇಲೆ ಫೋನ್ ಮಾಡಿದರು. ಮೊಬೈಲ್ ಇಲ್ಲದ ಕಾಲ. ಬೆಳಗಿನ ಜಾವ ಅವರು ಸಿಕ್ಕಿ, ಈ ಇನಿಂಗ್ಸ್ ಮುಗಿಸಿ ನಿಲ್ಲಿಸಿ ಅಂದರು. ಆಗ ನಡೆಯುತ್ತಿದ್ದದ್ದು 32ನೇ ಇನಿಂಗ್ಸ್. ಅದರಲ್ಲೂ ರಾಚೆಸ್ಟರ್‌ನ ಜಾನ್ ಹೇಲ್ ಗೆಲುವಿನ ರನ್ ತರಲು ಓಡಿ ಬಂದು, ಬೋವೆನ್ ಎಸೆದ ಚೆಂಡಿಗೆ ಕೊನೆ ಗಳಿಗೆಯಲ್ಲಿ ಔಟಾದರು. 4:07ಕ್ಕೆ ಆಟ ನಿಂತಿತು. ಸ್ಟ್ಯಾಂಡಿನಲ್ಲಿ ಉಳಿದಿದ್ದವರು 19 ಜನ. ಅವರಿಗೆಲ್ಲ ತಂಡ ಪಾಸ್ ಕೊಟ್ಟು ಗೌರವಿಸಿತು. ಆಟಗಾರರು ಹೊರಗೆ ಬರುವಾಗ ಜನ ಈಸ್ಟರ್ ಪ್ರಾರ್ಥನೆಗೆ ಹೊರಡುವ ಹೊತ್ತು.

ಉಳಿದದ್ದು ಯಾವಾಗ ಆಡಿದರು? ಗೆದ್ದವರು ಯಾರು?

ರಾಚೆಸ್ಟರ್ ತಂಡ ಮತ್ತೆ ಪಟಕೆಟ್‌ಗೆ ಬಂದಾಗ, ಜೂನ್ 23ರಂದು. ಅಷ್ಟರಲ್ಲಿ ಒಂದು ತಮಾಷೆ ಆಗಿತ್ತು. ಜೂನ್ 12ರಿಂದ ಮೇಜರ್ ಲೀಗ್ ಆಟಗಾರರು ಮುಷ್ಕರ ಹೂಡಿದ್ದರು. ದೇಶದ ಕ್ರೀಡಾ ವರದಿಗಾರರಿಗೆಲ್ಲ ಬರೆಯಲು ಪಂದ್ಯವೇ ಇಲ್ಲ. ಎಲ್ಲರೂ ಪಟಕೆಟ್‌ಗೆ ಬಂದಿಳಿದರು. ಏಪ್ರಿಲ್‌ನಲ್ಲಿ 19 ಜನ ಉಳಿದಿದ್ದ ಪಂದ್ಯ ನೋಡಲು ಈಗ 5,746 ಜನ.

ಮುಗಿಯಲು ಹಿಡಿದದ್ದು 18 ನಿಮಿಷ! 33ನೇ ಇನಿಂಗ್ಸ್‌ನಲ್ಲಿ ಡೇವ್ ಕೋಝಾ ಹೊಡೆದ ಹೊಡೆತಕ್ಕೆ ಮಾರ್ಟಿ ಬ್ಯಾರೆಟ್ ಓಡಿ ಬಂದರು. ಪಟಕೆಟ್ 3, ರಾಚೆಸ್ಟರ್ 2.

ಈ ಪಂದ್ಯದಲ್ಲಿ ಎರಡೂ ಕಡೆಯ ಮೂರನೇ ಬೇಸ್‌ನಲ್ಲಿ ನಿಂತಿದ್ದವರನ್ನು ನೋಡಿ. ಪಟಕೆಟ್ ಕಡೆ ವೇಡ್ ಬಾಗ್ಸ್, ರಾಚೆಸ್ಟರ್ ಕಡೆ ಕ್ಯಾಲ್ ರಿಪ್ಕೆನ್ ಜೂನಿಯರ್. ಬಾಗ್ಸ್ 2005ರಲ್ಲಿ, ರಿಪ್ಕೆನ್ 2007ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಮೇಜರ್ ಲೀಗ್‌ನಲ್ಲಿ ಒಂದನ್ನೂ ತಪ್ಪಿಸದೆ ಸತತ 2,632 ಪಂದ್ಯ ಆಡಿದ್ದು ಇದೇ ರಿಪ್ಕೆನ್. ಅವರಿಗೆ ಅದರ ಅಭ್ಯಾಸ ಇಲ್ಲೇ ಆಯಿತೇನೋ.

ಆದರೆ ನನಗೆ ಹೆಚ್ಚು ಕಾಡುವ ಹೆಸರು ಅವರಿಬ್ಬರದ್ದಲ್ಲ, ಕೋಝಾದ್ದು. ಆ ಪಂದ್ಯದಲ್ಲಿ ಐದು ಹಿಟ್ (ಹೊಡೆದವನನ್ನು ಬೇಸ್‌ಗೆ ತಲುಪಿಸುವ ಹೊಡೆತ), ಕೊನೆಯದು ಗೆಲುವಿನದ್ದು. ಅಷ್ಟಾದರೂ ಅವರಿಗೆ ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯ ಸಿಗಲಿಲ್ಲ. ರಾಚೆಸ್ಟರ್‌ನ ಡಲ್ಲಾಸ್ ವಿಲಿಯಮ್ಸ್ 13 ಸಲ ಬ್ಯಾಟ್ ಹಿಡಿದು ಒಂದೂ ಹಿಟ್ ಇಲ್ಲದೆ ಹೋದರು. ಅದೂ ದಾಖಲೆಯೇ.

ಈ ದಾಖಲೆ ಮುರಿಯಬಹುದಾ?

ಬಹುತೇಕ ಆಗುವುದಿಲ್ಲ. 2018ರಿಂದ ಮೈನರ್ ಲೀಗ್‌ನಲ್ಲಿ ಹೆಚ್ಚುವರಿ ಇನಿಂಗ್ಸ್ ಶುರುವಾಗುವಾಗಲೇ ಒಬ್ಬ ಓಟಗಾರನನ್ನು ಎರಡನೇ ಬೇಸ್‌ನಲ್ಲಿ ನಿಲ್ಲಿಸುತ್ತಾರೆ. ಅವನು ಅರ್ಧ ದಾರಿ ಬಂದಂತೆಯೇ, ರನ್ ಬೇಗ ಬರುತ್ತದೆ. ಕ್ರಿಕೆಟ್‌ನಲ್ಲೂ ಹೀಗೇ ಆಗಿದೆ. 1939ರಲ್ಲಿ ಡರ್ಬನ್‌ನಲ್ಲಿ ಕಾಲಮಿತಿ ಇಲ್ಲದ ಟೆಸ್ಟ್ ಆಡಿ, ಇಂಗ್ಲೆಂಡ್ ತಂಡಕ್ಕೆ ಹಡಗು ತಪ್ಪುತ್ತದೆ ಅಂತ ಡ್ರಾ ಮಾಡಿಕೊಂಡು ಎದ್ದರು. ಆಮೇಲೆ ಅಂಥ ಟೆಸ್ಟ್ ಆಡಲೇ ಇಲ್ಲ.

ಆ ಪಂದ್ಯ ಬಿಟ್ಟರೆ ಬೇರೆ ಏನೂ ಇಲ್ಲವಾ?

ಇದೆ. ಎದುರಾಳಿಯ ಒಬ್ಬ ಬ್ಯಾಟರನ್ನೂ ಬೇಸ್ ಮುಟ್ಟಲು ಬಿಡದೆ ಪಂದ್ಯ ಮುಗಿಸುವುದಕ್ಕೆ ಪರ್ಫೆಕ್ಟ್ ಗೇಮ್ ಅನ್ನುತ್ತಾರೆ. ಬಲು ಅಪರೂಪ. ಮೆಕಾಯ್‌ನಲ್ಲಿ ಮೂರು ವರ್ಷದ ಅಂತರದಲ್ಲಿ ಎರಡು ಬಂದವು. 2000ದ ಜೂನ್ 1ರಂದು ಜಪಾನಿನ ಟೊಮೊ ಓಕಾ, ಬರೀ 77 ಎಸೆತದಲ್ಲಿ. 2003ರ ಆಗಸ್ಟ್ 10ರಂದು ಬ್ರಾನ್ಸನ್ ಅರೊಯೊ.

1982ರ ಜುಲೈ 1ರಂದು ಇನ್ನೊಂದು ಜನಜಾತ್ರೆ. ಮಾರ್ಕ್ ಫಿಡ್ರಿಚ್ 1976ರಲ್ಲಿ ಇಡೀ ಅಮೆರಿಕದ ಮುದ್ದಿನ ಪಿಚರ್ ಆಗಿದ್ದವರು. ಚೆಂಡಿನ ಜೊತೆ ಮಾತಾಡುವವರು ಅಂತ ಹೆಸರು. ಗಾಯದಿಂದ ಕೆಳಗಿಳಿದು ಪಟಕೆಟ್‌ಗೆ ಬಂದಿದ್ದರು. ಎದುರಿಗೆ ನ್ಯೂಯಾರ್ಕ್ ಯಾಂಕೀಸ್‌ನ ಕೈಕೆಳಗಿನ ತಂಡದ ಪಿಚರ್ ಡೇವ್ ರಿಗೆಟ್ಟಿ. ಆಗ ಅಷ್ಟು ಜನಕ್ಕೆ ಜಾಗವೇ ಇಲ್ಲದ ಮೈದಾನದಲ್ಲಿ 9 ಸಾವಿರಕ್ಕೂ ಜಾಸ್ತಿ ಜನ ತುಂಬಿದರು. ಫಿಡ್ರಿಚ್ ಪೂರ್ತಿ ಪಂದ್ಯ ಎಸೆದು ಗೆದ್ದರು. ಮೇಜರ್ ಲೀಗ್‌ಗೆ ಮಾತ್ರ ಮತ್ತೆ ಹೋಗಲಾಗಲಿಲ್ಲ.

ಇಲ್ಲಿ ಆಡಿ ಮೇಲೆ ಹೋದವರು ಯಾರ್ಯಾರು?

ಪಟ್ಟಿ ಉದ್ದ. ಜಿಮ್ ರೈಸ್, ಫ್ರೆಡ್ ಲಿನ್, ಬಾಗ್ಸ್, ರಾಜರ್ ಕ್ಲೆಮೆನ್ಸ್, ಮೋ ವಾನ್, ನೋಮಾರ್ ಗಾರ್ಸಿಯಾಪಾರಾ, ಡಸ್ಟಿನ್ ಪೆಡ್ರೋಯಾ, ಮೂಕಿ ಬೆಟ್ಸ್. ಇವರಲ್ಲಿ ಕೆಲವರು ಕೆಲವೇ ವಾರ ಇದ್ದರು.

1999ರಲ್ಲಿ ಏನು ಬದಲಾಯಿಸಿದರು?

ಸುಮಾರು 1.6 ಕೋಟಿ ಡಾಲರ್ ಖರ್ಚು ಮಾಡಿ ಹಿಗ್ಗಿಸಿದರು. 7 ಸಾವಿರ ಇದ್ದ ಸೀಟು 10,031 ಆಯಿತು. ಹೊಸ ಪ್ರವೇಶದ್ವಾರ ಬಂತು, ಎಡಗಡೆ ಹುಲ್ಲಿನ ದಿಬ್ಬದ ಮೇಲೆ ಮಕ್ಕಳು ಉರುಳಾಡುವ ಜಾಗ ಬಂತು. ಹಳೇ ಕಾಂಕ್ರೀಟ್ ಮಾತ್ರ ಹಾಗೇ ಉಳಿಯಿತು.

ಅಷ್ಟು ಚೆನ್ನಾಗಿ ನಡೆಯುತ್ತಿದ್ದ ತಂಡ ಊರು ಬಿಟ್ಟದ್ದು ಯಾಕೆ?

ಬೆನ್ ಮಾಂಡರ್ 2010ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. 2015ರಲ್ಲಿ ಅವರ ಪತ್ನಿ ತಂಡ ಮಾರಿದರು. ಕೊಂಡ ಗುಂಪಿನ ಮುಂದಾಳುಗಳು ವಕೀಲ ಜೇಮ್ಸ್ ಸ್ಕೆಫಿಂಗ್ಟನ್ ಮತ್ತು ರೆಡ್ ಸಾಕ್ಸ್‌ನ ಅಧ್ಯಕ್ಷರಾಗಿದ್ದ ಲ್ಯಾರಿ ಲುಕಿನೊ. ಲುಕಿನೊ ಸಾಮಾನ್ಯರಲ್ಲ. ಬಾಲ್ಟಿಮೋರ್‌ನ ಕ್ಯಾಮ್ಡನ್ ಯಾರ್ಡ್ಸ್ ಎಂಬ ಮೈದಾನದ ಹಿಂದಿನ ತಲೆ ಅವರದ್ದೇ. ಹೊಸ ಮೈದಾನ ಕಟ್ಟುವುದು ಅವರಿಗೆ ರಕ್ತದಲ್ಲೇ ಬಂದದ್ದು.

ಬಂದ ಕೂಡಲೇ ತಂಡವನ್ನು ಪಕ್ಕದ ರಾಜಧಾನಿ ಪ್ರಾವಿಡೆನ್ಸ್‌ಗೆ ಒಯ್ಯುತ್ತೇವೆ ಅಂದರು. ಅಲ್ಲಿ ನದಿ ದಡದಲ್ಲಿ ಹೊಸ ಸ್ಟೇಡಿಯಂ. ರಾಜ್ಯ ಸರಕಾರದಿಂದ 30 ವರ್ಷದಲ್ಲಿ 12 ಕೋಟಿ ಡಾಲರ್ ಕೇಳಿದರು. ಜನ ಸಿಡಿದೆದ್ದರು.

ಜನ ಸಿಟ್ಟಾಗಲು ಹಳೇ ಗಾಯ ಒಂದಿತ್ತು. ರೆಡ್ ಸಾಕ್ಸ್‌ನ ಹಳೇ ಪಿಚರ್ ಕರ್ಟ್ ಶಿಲ್ಲಿಂಗ್ 38 ಸ್ಟುಡಿಯೋಸ್ ಎಂಬ ವಿಡಿಯೋ ಗೇಮ್ ಕಂಪನಿ ಇಟ್ಟಿದ್ದರು. 2010ರಲ್ಲಿ ರೋಡ್ ಐಲ್ಯಾಂಡ್ ಅದಕ್ಕೆ 7.5 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಂತಿತು. 2012ರಲ್ಲಿ ಕಂಪನಿ ದಿವಾಳಿ. ಹೊರೆ ಬಿದ್ದದ್ದು ತೆರಿಗೆ ಕಟ್ಟುವವರ ತಲೆ ಮೇಲೆ. ಆಮೇಲೆ ಬೇಸ್‌ಬಾಲ್ ಕಡೆಯ ದೊಡ್ಡ ಮನುಷ್ಯ ಯಾರೇ ಬಂದು ದುಡ್ಡು ಕೇಳಿದರೂ ಅಲ್ಲಿನ ರಾಜಕಾರಣಿಗಳಿಗೆ ಕೈ ನಡುಕ.

ಸ್ಕೆಫಿಂಗ್ಟನ್ 2015ರ ಮೇ ತಿಂಗಳಲ್ಲಿ ಹಠಾತ್ತನೆ ತೀರಿಕೊಂಡರು. ಪ್ರಾವಿಡೆನ್ಸ್ ಯೋಜನೆ ಬಿದ್ದುಹೋಯಿತು. ಆಮೇಲೆ ಪಟಕೆಟ್‌ನಲ್ಲೇ, ಸ್ಲೇಟರ್ ಗಿರಣಿಯ ಹತ್ತಿರ, 8.3 ಕೋಟಿ ಡಾಲರ್‌ನ ಮೈದಾನದ ಯೋಜನೆ ಬಂತು. ತಂಡ 4.5 ಕೋಟಿ, ರಾಜ್ಯ 2.3 ಕೋಟಿ, ಊರು 1.5 ಕೋಟಿ. ಮೊದಲಿನದಕ್ಕಿಂತ ಎಷ್ಟೋ ಮೇಲು. ರಾಜ್ಯದ ಮೇಲ್ಮನೆ ಸೆನೆಟ್ ಒಪ್ಪಿತು. ಕೆಳಮನೆಯ ಸ್ಪೀಕರ್ ನಿಕೊಲಸ್ ಮ್ಯಾಟಿಯೆಲೊ ಒಪ್ಪಲಿಲ್ಲ. 2018ರ ಜೂನ್‌ನಲ್ಲಿ ರಾಜ್ಯದ ಜಾಮೀನು ತೆಗೆದುಹಾಕಿ ಬೇರೆ ಮಸೂದೆ ಪಾಸು ಮಾಡಿದರು. ಜಾಮೀನಿಲ್ಲದ ಸಾಲಕ್ಕೆ ಬಡ್ಡಿ ಹೆಚ್ಚು. ತಂಡ ಅಷ್ಟರಲ್ಲಿ ಮ್ಯಾಸಚೂಸೆಟ್ಸ್‌ನ ವುಸ್ಟರ್ ನಗರದ ಜೊತೆ ಮಾತುಕತೆ ಮುಗಿಸುತ್ತಾ ಬಂದಿತ್ತು. 2018ರ ಆಗಸ್ಟ್ 17ರಂದು ಘೋಷಣೆ ಆಯಿತು.

ತಪ್ಪು ಯಾರದ್ದು?

ಊರಿನ ಜನ ಇವತ್ತಿಗೂ ಇದನ್ನೇ ವಾದ ಮಾಡುತ್ತಾರೆ. ನನ್ನ ಅಭಿಪ್ರಾಯ ಹೇಳುವುದಾದರೆ, ಹೊಸ ಮಾಲೀಕರು ಮೊದಲ ದಿನವೇ ಪಟಕೆಟ್ ಬಿಡುತ್ತೇವೆ ಅಂದದ್ದು ದೊಡ್ಡ ಎಡವಟ್ಟು. ಆ ಒಂದು ಮಾತಿಗೆ ಮೂವತ್ತಕ್ಕೂ ಹೆಚ್ಚು ವರ್ಷ ಮಾಂಡರ್ ಗಳಿಸಿದ್ದ ವಿಶ್ವಾಸ ಹೋಯಿತು. ಆದರೆ ಶಾಸಕರೂ ಕಡಿಮೆ ಇಲ್ಲ. 2015ರ ಪ್ರಸ್ತಾಪಕ್ಕೆ ಬೇಡ ಅಂದದ್ದು ಸರಿ. ಎರಡನೇ ಯೋಜನೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹೌದೂ ಅನ್ನದೆ ಇಲ್ಲವೂ ಅನ್ನದೆ ಎಳೆದಾಡಿದ್ದು ಸರಿಯಲ್ಲ.

ವುಸ್ಟರ್‌ಗೂ ಇದು ಅಗ್ಗ ಆಗಲಿಲ್ಲ. ಅಲ್ಲಿನ ಹೊಸ ಮೈದಾನ ಪೋಲಾರ್ ಪಾರ್ಕ್‌ನ ಖರ್ಚು ಮೊದಲು ಹೇಳಿದ್ದಕ್ಕಿಂತ ಬಹಳ ಏರಿ, ಕಡೆಗೆ 15 ಕೋಟಿ ಡಾಲರ್ ದಾಟಿತು.

ಮೆಕಾಯ್‌ನಲ್ಲಿ ಕೊನೆ ಪಂದ್ಯ ಯಾವಾಗ?

2019ರ ಸೆಪ್ಟೆಂಬರ್‌ನಲ್ಲಿ. ಆದರೆ ಅದೇ ಕೊನೆಯದು ಅಂತ ಅವತ್ತು ಯಾರಿಗೂ ಗೊತ್ತಿರಲಿಲ್ಲ. 2020ರಲ್ಲಿ ಒಂದು ವಿದಾಯದ ಸೀಸನ್ ಬಾಕಿ ಇತ್ತು. ಕೋವಿಡ್ ಬಂದು ಮೈನರ್ ಲೀಗ್ ಪೂರ್ತಿ ರದ್ದಾಯಿತು. ಆ ಬೇಸಿಗೆಯಲ್ಲಿ ಮೈದಾನದ ಹುಲ್ಲಿನ ಮೇಲೆ ಟೇಬಲ್ ಹಾಕಿ, ಜನರನ್ನು ಊಟಕ್ಕೆ ಕರೆದರು. ಜನ ಮುಗಿಬಿದ್ದರು. ವಿದಾಯ ಅಂತ ಸಿಕ್ಕಿದ್ದು ಅಷ್ಟೇ. 2021ರ ಮೇ ತಿಂಗಳಲ್ಲಿ ತಂಡ ವೂ ಸಾಕ್ಸ್ ಎಂಬ ಹೊಸ ಹೆಸರಿನಲ್ಲಿ ವುಸ್ಟರ್‌ನಲ್ಲಿ ಆಡಲು ಶುರು ಮಾಡಿತು.

ಅದೇ ವರ್ಷ ಮೇಜರ್ ಲೀಗ್ ತನ್ನ ಕೈಕೆಳಗಿನ ತಂಡಗಳನ್ನು 160ರಿಂದ 120ಕ್ಕೆ ಇಳಿಸಿತು. ದೇಶದ ಎಷ್ಟೋ ಸಣ್ಣ ಊರುಗಳು ತಂಡ ಕಳೆದುಕೊಂಡವು. ಪಟಕೆಟ್ ಒಂದೇ ಅಲ್ಲ.

ಸ್ಟೇಡಿಯಂ ಉಳಿಸಬಹುದಿತ್ತಾ?

ಕಟ್ಟಡಕ್ಕೆ ಎಂಬತ್ತು ವರ್ಷ. ರಿಪೇರಿಗೆ ಕೋಟಿಗಟ್ಟಲೆ ಡಾಲರ್ ಬೇಕು, ಆಡಲು ತಂಡ ಇಲ್ಲ. ಇನ್ನೊಂದು ಕಡೆ ಊರಿನ ಎರಡು ಹೈಸ್ಕೂಲುಗಳು ಹಳೆಯದಾಗಿದ್ದವು. ಎರಡನ್ನೂ ಸೇರಿಸಿ ಒಂದೇ ಹೊಸ ಹೈಸ್ಕೂಲು ಕಟ್ಟಲು ಈ ಜಾಗ ಆರಿಸಿದರು. 2025ರಲ್ಲಿ ಸ್ಟೇಡಿಯಂ ಕೆಡವಿದರು. ಕೆಲಸವಿಲ್ಲದವರ ಕೈಲಿ ಸಾರ್ವಜನಿಕ ಹಣದಲ್ಲಿ ಕಟ್ಟಿಸಿದ ಜಾಗ ಸಾರ್ವಜನಿಕ ಶಾಲೆಗೇ ಹೋಯಿತು. ಅಪಾರ್ಟ್‌ಮೆಂಟಿಗೋ ಗೋಡೌನಿಗೋ ಹೋಗಿದ್ದರೆ ನನಗೆ ಜಾಸ್ತಿ ಬೇಜಾರಾಗುತ್ತಿತ್ತು.

ಪಟಕೆಟ್‌ನಲ್ಲಿ ಈಗ ಸ್ಟೇಡಿಯಂ ಇಲ್ಲವಾ?

ಇದೆ, ಆದರೆ ಬೇಸ್‌ಬಾಲ್‌ಗೆ ಅಲ್ಲ. ನದಿ ದಡದಲ್ಲಿ ಸುಮಾರು 10,500 ಸೀಟಿನ ಫುಟ್‌ಬಾಲ್ ಸ್ಟೇಡಿಯಂ 2025ರ ಮೇ ತಿಂಗಳಲ್ಲಿ ಶುರುವಾಯಿತು. ರೋಡ್ ಐಲ್ಯಾಂಡ್ ಎಫ್‌ಸಿ ತಂಡ ಅಲ್ಲಿ ಆಡುತ್ತದೆ. ಅದಕ್ಕೂ ಸಾರ್ವಜನಿಕ ಹಣ ಹೋಗಿದೆ, ಅದರ ಮೇಲೂ ಜಗಳ ಆಗಿದೆ. ಬೇಸ್‌ಬಾಲ್‌ಗೆ ಕೊಡಲು ಹಿಂಜರಿದವರು ಫುಟ್‌ಬಾಲ್‌ಗೆ ಹೇಗೆ ಕೊಟ್ಟರು ಅಂತ ಹಳೇ ಪಾ ಸಾಕ್ಸ್ ಅಭಿಮಾನಿಗಳು ಕೇಳುತ್ತಾರೆ. ಕೇಳುವುದರಲ್ಲಿ ನ್ಯಾಯ ಇದೆ.

ಬಾಸ್ಟನ್ ಕಡೆ ಹೋದಾಗ ಇದಕ್ಕೆ ಸಂಬಂಧಪಟ್ಟದ್ದು ಏನು ನೋಡಬಹುದು?

ಪಟಕೆಟ್‌ನಲ್ಲಿ ಸ್ಲೇಟರ್ ಗಿರಣಿ ಇದೆ, ಈಗ ಅದು ರಾಷ್ಟ್ರೀಯ ಉದ್ಯಾನದ ಭಾಗ. ನೂಲುವ ಯಂತ್ರಗಳನ್ನು ಹತ್ತಿರದಿಂದ ನೋಡಬಹುದು. ಬೇಸಿಗೆಯಲ್ಲಿ ಹೋದರೆ ವುಸ್ಟರ್‌ನಲ್ಲಿ ವೂ ಸಾಕ್ಸ್ ಪಂದ್ಯ ನೋಡಿ. ಫೆನ್‌ವೇ ಪಾರ್ಕ್ ಟಿಕೆಟ್ ಬೆಲೆ ಕೇಳಿ ತಲೆ ತಿರುಗಿದವರಿಗೆ ಅದು ಒಳ್ಳೆಯ ದಾರಿ. ಸೀಸನ್ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಏಪ್ರಿಲ್‌ನಲ್ಲಿ ಹೋಗುವುದಾದರೆ ದಪ್ಪ ಸ್ವೆಟರ್ ತೆಗೆದುಕೊಂಡು ಹೋಗಿ.